ಓಡುವಾಗ ವಾಚು ಎಣಿಸುವುದು ಎದೆಬಡಿತವನ್ನೋ, ಹೆಜ್ಜೆಯನ್ನೋ?

ಮೆಲ್ಲಗೆ ಓಡುತ್ತಿದ್ದೀರಿ. ಪಕ್ಕದವರ ಜೊತೆ ಮಾತಾಡುವಷ್ಟು ಉಸಿರಿದೆ, ಸುಸ್ತೇನೂ ಆಗಿಲ್ಲ. ಕೈ ಎತ್ತಿ ವಾಚು ನೋಡಿದರೆ ಹಾರ್ಟ್ ರೇಟ್ 168! ಹೆದರಿ ನಿಂತುಬಿಡುತ್ತೀರಿ. ಸ್ವಲ್ಪ ಹೊತ್ತಿಗೆ ಅದೇ ವಾಚು 118 ಎನ್ನುತ್ತದೆ. ಎದೆಗೆ ಏನೋ ಆಗಿದೆ ಅಂತ ಗಾಬರಿ ಬೀಳುವ ಮೊದಲು ಒಂದು ವಿಷಯ ತಿಳಿದಿರಲಿ. ಓಡುವಾಗ ಹೆಚ್ಚಿನವರ ಹೆಜ್ಜೆ ನಿಮಿಷಕ್ಕೆ 150ರಿಂದ 180ರ ಆಸುಪಾಸಿನಲ್ಲಿ ಬೀಳುತ್ತದೆ. ನಿಮ್ಮ ವಾಚು ಎದೆಬಡಿತ ಬಿಟ್ಟು ಹೆಜ್ಜೆ ಎಣಿಸುತ್ತಾ ಕೂತಿರಬಹುದು.

ಇದು ಅಗ್ಗದ ವಾಚುಗಳ ರೋಗ ಅಂತೇನಲ್ಲ, ದುಬಾರಿ ವಾಚುಗಳಲ್ಲೂ ಆಗುತ್ತದೆ. ಸರಿ ಮಾಡಲು ಹೊಸ ವಾಚಾಗಲಿ ಹೊಸ ಆ್ಯಪ್ ಆಗಲಿ ಬಹಳಷ್ಟು ಸಲ ಬೇಕಾಗುವುದಿಲ್ಲ. ಅಲುಗಾಟವನ್ನು ಚರ್ಮದ ಹತ್ತಿರವೇ ತಡೆಯಬೇಕು. ಅದು ಒಂದು ಸಲ ಸೆನ್ಸರ್ ಒಳಗೆ ಹೊಕ್ಕಿತು ಅಂದರೆ, ಸಾಫ್ಟ್‌ವೇರ್ ಎಷ್ಟೇ ಜಾಣ ಆಗಿದ್ದರೂ ಅದನ್ನು ಹೊರಹಾಕಲು ಒದ್ದಾಡುತ್ತದೆ.

ಒಳಗೆ ನಡೆಯುವುದೇನು

ವಾಚು ಬಿಚ್ಚಿ ಹಿಂಬದಿ ನೋಡಿ. ಮಿನುಗುವ ಹಸಿರು ಎಲ್‌ಇಡಿಗಳು, ಪಕ್ಕದಲ್ಲಿ ಕಪ್ಪಗಿನ ಪುಟ್ಟ ಕಿಟಕಿ. ಆ ಕಿಟಕಿಯ ಹಿಂದೆ ಬೆಳಕು ಅಳೆಯುವ ಫೋಟೋಡಯೋಡ್ ಇದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಎದೆ ಬಡಿದಾಗಲೆಲ್ಲ ಚರ್ಮದಡಿಯ ಸಣ್ಣ ರಕ್ತನಾಳಗಳಲ್ಲಿ ರಕ್ತ ಕೊಂಚ ಹೆಚ್ಚುತ್ತದೆ, ವಾಪಸ್ ಬರುವ ಬೆಳಕು ಕೊಂಚ ಇಳಿಯುತ್ತದೆ. ಈ ಏರಿಳಿತವನ್ನು ಎಣಿಸಿದರೆ ನಾಡಿ ಸಿಕ್ಕಿತು. ಈ ವಿಧಾನಕ್ಕೆ ಫೋಟೋಪ್ಲೆಥಿಸ್ಮೋಗ್ರಫಿ ಅಂತ ಹೆಸರು, ಚಿಕ್ಕದಾಗಿ ಪಿಪಿಜಿ. ಹೊಸ ವಿದ್ಯೆ ಏನಲ್ಲ. ಅಮೆರಿಕದ ಆಲ್ರಿಕ್ ಹರ್ಟ್ಸ್‌ಮನ್ 1930ರ ದಶಕದಲ್ಲೇ ಬೆರಳುಗಳ ಮೇಲೆ ಇದನ್ನು ಪ್ರಯೋಗಿಸಿದ್ದರು.

ತೊಂದರೆ ಇರುವುದು ಆ ‘ಕೊಂಚ’ದಲ್ಲಿ. ಮಣಿಕಟ್ಟಿನಿಂದ ವಾಪಸ್ ಬರುವ ಬೆಳಕಿನಲ್ಲಿ ನಾಡಿಯ ಜೊತೆ ಏರಿಳಿಯುವ ಪಾಲು ನೂರಕ್ಕೆ ಒಂದೆರಡು ಇದ್ದರೆ ಹೆಚ್ಚು. ಉಳಿದದ್ದೆಲ್ಲ ಚರ್ಮಕ್ಕೂ ಅದರಡಿಯ ಪದರಗಳಿಗೂ ಬಡಿದು ಬಂದ ಬೆಳಕು. ಮದುವೆ ಮನೆಯ ವಾಲಗದ ನಡುವೆ ಪಕ್ಕದವರ ಪಿಸುಮಾತು ಕೇಳಿಸಿಕೊಂಡ ಹಾಗೆ. ವಾಚು ಚರ್ಮದಿಂದ ಕೂದಲೆಳೆಯಷ್ಟು ಮೇಲೆದ್ದರೂ ಬೆಳಕಿನಲ್ಲಾಗುವ ಬದಲಾವಣೆ ನಾಡಿಯದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಚಲನೆ ಮೂರು ದಾರಿಯಲ್ಲಿ ನುಗ್ಗುತ್ತದೆ. ಒಂದು, ವಾಚಿಗೂ ಚರ್ಮಕ್ಕೂ ನಡುವಿನ ಸಂದು. ಅದರಲ್ಲಿ ಬಿಸಿಲೂ ಸೇರಿಕೊಳ್ಳುತ್ತದೆ. ಎರಡು, ಮುಷ್ಟಿ ಹಿಡಿದಾಗ, ಮಣಿಕಟ್ಟು ಮಡಚಿದಾಗ ಚರ್ಮದಡಿಯ ಸ್ನಾಯು ಮತ್ತು ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ಜರುಗುವುದು. ಮೂರು, ಕೈ ಬೀಸಿದಾಗ ನಾಳಗಳಲ್ಲಿನ ರಕ್ತವೇ ಹಿಂದೆ ಮುಂದೆ ತುಳುಕುವುದು. ಮೊದಲನೆಯದು ಪೂರ್ತಿ ನಿಮ್ಮ ಕೈಯಲ್ಲಿದೆ. ಎರಡನೆಯದು ಅರ್ಧಂಬರ್ಧ. ಮೂರನೆಯದಕ್ಕೆ ಪಟ್ಟಿ ಬಿಗಿ ಮಾಡಿ ಪ್ರಯೋಜನವಿಲ್ಲ.

ಹಾಗಾದರೆ ಗದ್ದಲವನ್ನು ಫಿಲ್ಟರ್ ಮಾಡಿ ಬಿಸಾಕಬಾರದಾ? ಬಿಸಾಕಬಹುದಿತ್ತು, ಅದರ ಲಯ ಬೇರೆ ಇದ್ದಿದ್ದರೆ. ಎದೆಬಡಿತ ನಿಮಿಷಕ್ಕೆ 60ರಿಂದ 180. ನಡಿಗೆ ಸುಮಾರು 100ರಿಂದ 120 ಹೆಜ್ಜೆ, ಓಟ ಅದಕ್ಕಿಂತ ಮೇಲೆ. ಎರಡೂ ಒಂದೇ ಜಾಗದಲ್ಲಿ ಕೂತಿವೆ. ಅದಕ್ಕೇ ವಾಚಿನೊಳಗೆ ಅಕ್ಸೆಲೆರೋಮೀಟರ್ ಅನ್ನೋ ಇನ್ನೊಂದು ಸೆನ್ಸರ್ ಇಟ್ಟಿರುತ್ತಾರೆ. ಕೈ ಎಷ್ಟು ಅಲುಗಿತು ಅಂತ ಅದು ಹೇಳುತ್ತದೆ. ಬೆಳಕಿನ ಅಲೆಯಲ್ಲಿ ಅಷ್ಟು ಪಾಲನ್ನು ಕಳೆಯಲು ವಾಚು ಪ್ರಯತ್ನಿಸುತ್ತದೆ. ನಾಡಿಯ ಅಲೆ ಗಟ್ಟಿಯಾಗಿದ್ದರೆ ಈ ಲೆಕ್ಕ ಹೊಂದುತ್ತದೆ. ನಾಡಿ ತೆಳುವಾಗಿ ಹೆಜ್ಜೆಯೇ ಜೋರಾಗಿದ್ದರೆ ಹೆಜ್ಜೆಯನ್ನೇ ನಾಡಿ ಅಂದುಕೊಳ್ಳುತ್ತದೆ. ಓಟಗಾರರು ಇದನ್ನು ಕೇಡೆನ್ಸ್ ಲಾಕ್ ಅನ್ನುತ್ತಾರೆ.

ಮೊದಲು ಪತ್ತೆ ಮಾಡಿ

ಪಟ್ಟಿ ಮುಟ್ಟುವ ಮೊದಲು ನಿಮಗೆ ಈ ತೊಂದರೆ ನಿಜಕ್ಕೂ ಇದೆಯಾ ಅಂತ ನೋಡಿಕೊಳ್ಳಿ. ಪಾರ್ಕಿನ ದಾರಿ, ಶಾಲೆಯ ಮೈದಾನ, ಸಮತಟ್ಟಾದ ಯಾವ ಜಾಗವಾದರೂ ಆದೀತು. ಒಂದೇ ವೇಗದಲ್ಲಿ ಐದು ನಿಮಿಷ ಓಡಿ. ಓಡುತ್ತಲೇ 30 ಸೆಕೆಂಡ್ ಬಲಗಾಲು ನೆಲಕ್ಕೆ ಬೀಳುವುದನ್ನು ಮಾತ್ರ ಎಣಿಸಿ, ನಾಲ್ಕರಿಂದ ಗುಣಿಸಿ. 41 ಸಲ ಬಿದ್ದರೆ ನಿಮಿಷಕ್ಕೆ 164 ಹೆಜ್ಜೆ ಅಂತಾಯಿತು. ಈಗ ವಾಚು ನೋಡಿ. ಹಾರ್ಟ್ ರೇಟ್ 162, 165 ಹೀಗೆ ಅಕ್ಕಪಕ್ಕದಲ್ಲೇ ಇದ್ದರೆ ಅನುಮಾನ ಪಡಬೇಕು.

ಅನುಮಾನ ಮಾತ್ರ. ಎದೆ ನಿಜವಾಗಿಯೂ 164ರಲ್ಲಿ ಬಡಿಯುತ್ತಿರಬಹುದಲ್ವಾ? ಅದಕ್ಕೆ ಇನ್ನೊಂದು ಪರೀಕ್ಷೆ ಇದೆ. ವೇಗ ಹಾಗೇ ಇರಲಿ, ಹೆಜ್ಜೆ ಮಾತ್ರ ಬದಲಿಸಿ. ಉದ್ದುದ್ದ ಹೆಜ್ಜೆ ಹಾಕಿದರೆ ನಿಮಿಷಕ್ಕೆ ಬೀಳುವ ಹೆಜ್ಜೆ ಕಡಿಮೆಯಾಗುತ್ತದೆ. ಎದೆಬಡಿತ ಅಷ್ಟು ಬೇಗ ಬದಲಾಗುವುದಿಲ್ಲ. ವಾಚಿನ ನಂಬರು ಹೆಜ್ಜೆಯ ಬೆನ್ನು ಹತ್ತಿ ಇಳಿದರೆ, ಅದು ಎಣಿಸುತ್ತಿರುವುದು ಹೆಜ್ಜೆಯನ್ನೇ.

ಕೊನೆಗೆ ನಿಂತು ಕೈಯಿಂದ ನಾಡಿ ನೋಡಿ. ವಾಚಿಲ್ಲದ ಕೈಯಲ್ಲಿ, ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಅಂಚಿನ ಹತ್ತಿರ ತೋರುಬೆರಳು ಮತ್ತು ನಡುಬೆರಳನ್ನು ಹಗುರವಾಗಿ ಒತ್ತಿ. ಹೆಬ್ಬೆರಳಿನಿಂದ ಒತ್ತಿ ನೋಡಬೇಡಿ, ಅದರದೇ ನಾಡಿ ಸಿಕ್ಕಿ ಲೆಕ್ಕ ತಪ್ಪುತ್ತದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ನಿಂತ ತಕ್ಷಣ ಮಾಡಬೇಕು, ಯಾಕಂದರೆ ಮೊದಲ ನಿಮಿಷದಲ್ಲೇ ಎದೆಬಡಿತ ಚೆನ್ನಾಗಿ ಇಳಿದುಬಿಡುತ್ತದೆ. ಒಂದು ಬಡಿತ ಎಣಿಕೆ ತಪ್ಪಿದರೂ ನಾಲ್ಕರ ವ್ಯತ್ಯಾಸ ಬರುತ್ತದೆ. ಹಾಗಾಗಿ ಏಳೆಂಟರ ಫರಕಿಗೆ ತಲೆ ಕೆಡಿಸಿಕೊಳ್ಳಬೇಡಿ. ಮೂವತ್ತು ನಲವತ್ತರ ಫರಕಿದ್ದರೆ ವಾಚು ದಾರಿ ತಪ್ಪಿದೆ.

ಮನೆಗೆ ಬಂದ ಮೇಲೆ ಆ್ಯಪ್‌ನಲ್ಲಿ ಗ್ರಾಫ್ ತೆಗೆದು ನೋಡಿ. ಎದೆಬಡಿತ ಏರುವಾಗ ಇಳಿಜಾರಿನಂತೆ ಏರುತ್ತದೆ, ಒಂದೆರಡು ನಿಮಿಷ ತೆಗೆದುಕೊಳ್ಳುತ್ತದೆ. 95ರಿಂದ 165ಕ್ಕೆ ಗೋಡೆಯಂತೆ ನೆಟ್ಟಗೆ ಎದ್ದು, ಅಲ್ಲೇ ಗೆರೆ ಎಳೆದಂತೆ ನಿಂತಿದ್ದರೆ ಅದು ಹೆಜ್ಜೆ. ಉಲ್ಟಾ ಸಹ ಆಗುತ್ತದೆ. ಜೋರಾಗಿ ಓಡಿ ಏದುಸಿರು ಬಿಡುತ್ತಿದ್ದರೂ ವಾಚು 82 ತೋರಿಸುತ್ತದೆ. ಎರಡು ಹೆಜ್ಜೆಗೆ ಕೈ ಒಂದು ಸಲ ಹಿಂದೆ ಮುಂದೆ ಹೋಗಿ ಬರುತ್ತದೆ ನೋಡಿ, 164 ಹೆಜ್ಜೆಗೆ ಕೈಬೀಸು 82. ವಾಚು ಕೈಬೀಸನ್ನು ಹಿಡಿದುಕೊಂಡಿದೆ ಅಂತ ಅರ್ಥ.

ಒಂದು ಎಚ್ಚರ. ಎದೆ ನೋವು, ತಲೆ ಸುತ್ತು, ಯಾವತ್ತೂ ಇಲ್ಲದ ಏದುಸಿರು ಇದ್ದರೆ ಈ ಪರೀಕ್ಷೆಗಳನ್ನೆಲ್ಲ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಬೆರಳಿಟ್ಟು ನೋಡಿದಾಗ ನಾಡಿ ಲಯ ತಪ್ಪಿ ಬಡಿಯುತ್ತಿದೆ ಅನ್ನಿಸಿದರೂ ಅಷ್ಟೇ. ಅದನ್ನು ವಾಚಿನ ತಪ್ಪು ಅಂತ ತಳ್ಳಿಹಾಕಬಾರದು.

ಕಟ್ಟುವ ಜಾಗ

ಹೆಚ್ಚಿನವರು ವಾಚನ್ನು ಮಣಿಕಟ್ಟಿನ ಗೆಣ್ಣಿನ ಮೇಲೇ ಕಟ್ಟುತ್ತಾರೆ. ಸೆನ್ಸರ್‌ಗೆ ಅದು ಕೆಟ್ಟ ಜಾಗ. ಕಿರುಬೆರಳ ಕಡೆ ಉಬ್ಬಿರುವ ಮೂಳೆಯ ಮೇಲೆ ವಾಚು ಅಡ್ಡಾದಿಡ್ಡಿ ಕೂರುತ್ತದೆ, ಕೈ ಮಡಚಿದಾಗಲೆಲ್ಲ ಎದ್ದೇಳುತ್ತದೆ. ದಿನನಿತ್ಯಕ್ಕೆ ಆ ಮೂಳೆಯಿಂದ ಮೊಣಕೈ ಕಡೆಗೆ ಒಂದು ಬೆರಳಷ್ಟು ಮೇಲೆ ಕಟ್ಟಿ. ವ್ಯಾಯಾಮಕ್ಕೆ ಎರಡು ಮೂರು ಬೆರಳಷ್ಟು ಮೇಲೆ. ಅಲ್ಲಿ ಮಾಂಸ ಹೆಚ್ಚು, ಮೇಲ್ಮೈ ಸಪಾಟು, ಮಣಿಕಟ್ಟು ಮಡಚಿದರೂ ವಾಚಿಗೆ ತಟ್ಟುವುದು ಕಡಿಮೆ. ಪುಷ್-ಅಪ್ ಮಾಡುವವರಿಗೆ ಈ ಒಂದು ಬದಲಾವಣೆಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಕಡಿಮೆ ಕೆಲಸ ಮಾಡುವ ಕೈಗೆ ಕಟ್ಟಿ. ಬಲಗೈಯವರಿಗೆ ಎಡಗೈ. ಯಾವ ಕೈ ಅಂತ ಸೆಟ್ಟಿಂಗ್ಸ್‌ನಲ್ಲೂ ಹೇಳಿ. ಕೈ ಬದಲಿಸಿದರೆ ಅಲ್ಲೂ ಬದಲಿಸಿ.

ಬಳೆ ಹಾಕುವವರು ಇದೊಂದನ್ನು ಗಮನಿಸಿ. ಬಳೆ ಮತ್ತು ವಾಚು ಒಂದೇ ಕೈಯಲ್ಲಿದ್ದರೆ ಕೈ ಬೀಸಿದಾಗಲೆಲ್ಲ ಬಳೆ ಜಾರಿ ವಾಚಿಗೆ ಬಡಿಯುತ್ತದೆ. ಅದೂ ಹೆಜ್ಜೆಯ ಲಯದಲ್ಲೇ. ವಾಕಿಂಗ್ ಹೊತ್ತಿಗೆ ಬಳೆಗಳನ್ನು ಇನ್ನೊಂದು ಕೈಗೆ ಹಾಕಿಕೊಳ್ಳುವುದು ಸುಲಭ. ಅದು ಬೇಡ ಅಂದರೆ ವಾಚನ್ನು ಬಳೆಗಳಿಗಿಂತ ಸಾಕಷ್ಟು ಮೇಲೆ, ಅವು ಬಂದು ತಾಗದಷ್ಟು ಅಂತರದಲ್ಲಿ ಕಟ್ಟಿ. ಕಾಶಿದಾರ, ಕಡಗಕ್ಕೂ ಇದೇ ಮಾತು. ದಾರ ಸೆನ್ಸರ್ ಕೆಳಗೆ ಸಿಕ್ಕಿಕೊಂಡರೆ ಸಂದು ಬಿಟ್ಟಂತೆಯೇ.

ಹಚ್ಚೆ ಇದ್ದರೆ ಆ ಜಾಗ ಬಿಟ್ಟು ಕಟ್ಟಿ. ಹಚ್ಚೆಯ ಬಣ್ಣ ಬೆಳಕನ್ನು ನುಂಗುತ್ತದೆ ಅಂತ ಆ್ಯಪಲ್‌ನಂಥ ಕಂಪನಿಗಳೇ ಹೇಳಿವೆ. ಚರ್ಮದ ಮೆಲನಿನ್ ಕೂಡ ಹಸಿರು ಬೆಳಕನ್ನು ಹೀರುತ್ತದೆ. ನಮ್ಮಂಥ ಕಂದು ಮೈಬಣ್ಣದವರಿಗೆ ನಾಡಿಯ ಅಲೆ ಮೊದಲೇ ತುಸು ತೆಳು, ಹಾಗಾಗಿ ಅಲುಗಾಟ ತಡೆಯುವುದು ಇನ್ನಷ್ಟು ಮುಖ್ಯ.

ಎಷ್ಟು ಬಿಗಿ?

ಬಿಗಿಯಾಗಿ ಕಟ್ಟಿ ಅಂತ ಎಲ್ಲರೂ ಹೇಳುತ್ತಾರೆ, ಎಷ್ಟು ಅಂತ ಹೇಳುವುದಿಲ್ಲ. ಹೀಗೆ ನೋಡಿ. ವಾಚನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ. ಚರ್ಮವೂ ಅದರ ಜೊತೆ ಜರುಗಬೇಕು. ವಾಚು ಮಾತ್ರ ಚರ್ಮದ ಮೇಲೆ ಜಾರಿದರೆ ಸಡಿಲ ಅಂತ ಲೆಕ್ಕ.

ರಾತ್ರಿ ದೀಪ ಆರಿಸಿ ಇನ್ನೊಂದು ಪರೀಕ್ಷೆ ಮಾಡಬಹುದು. ವರ್ಕೌಟ್ ಮೋಡ್ ಹಾಕಿ, ಕೈಯನ್ನು ಕಣ್ಣಿನ ಮಟ್ಟಕ್ಕೆ ತಂದು ವಾಚನ್ನು ಪಕ್ಕದಿಂದ ನೋಡಿ. ಅಂಚಿನಲ್ಲಿ ಹಸಿರು ಗೆರೆ ಕಾಣುತ್ತಿದ್ದರೆ ಅಲ್ಲಿ ಸಂದಿದೆ. ಈಗ ಮಣಿಕಟ್ಟನ್ನು ಮೇಲೆ ಕೆಳಗೆ ಮಡಚಿ, ಮುಷ್ಟಿ ಹಿಡಿದು ಬಿಡಿ. ಯಾವ ಭಂಗಿಯಲ್ಲಿ ಬೆಳಕು ಸೋರುತ್ತದೋ ಆ ಭಂಗಿ ಬರುವ ಕೆಲಸದಲ್ಲಿ ವಾಚು ತಪ್ಪು ಹೇಳುತ್ತದೆ. ಒಂದು ತೂತು ಬಿಗಿ ಮಾಡಿ ಮತ್ತೆ ನೋಡಿ. ನನಗೆ ಗೊತ್ತಿರುವ ಪರೀಕ್ಷೆಗಳಲ್ಲಿ ಇಷ್ಟು ಬೇಗ ಉತ್ತರ ಕೊಡುವುದು ಬೇರೆ ಇಲ್ಲ, ಖರ್ಚಂತೂ ಇಲ್ಲವೇ ಇಲ್ಲ.

ಆದರೆ ಕತ್ತು ಹಿಸುಕುವಂತೆ ಕಟ್ಟಬೇಡಿ. ತೀರಾ ಬಿಗಿಯಾದರೆ ಸೆನ್ಸರ್ ಕೆಳಗಿನ ಸಣ್ಣ ನಾಳಗಳು ಅಮುಕಿಹೋಗಿ ನಾಡಿಯ ಅಲೆಯೇ ಕುಗ್ಗುತ್ತದೆ. ಬೆರಳು ಜುಮುಗುಟ್ಟಿದರೆ, ಬಿಚ್ಚಿದ ಮೇಲೆ ಆಳವಾದ ಕೆಂಪು ಗೆರೆ ಬಹಳ ಹೊತ್ತು ಉಳಿದರೆ ಹೆಚ್ಚಾಯಿತು. ವ್ಯಾಯಾಮಕ್ಕೆ ಒಂದು ತೂತು ಬಿಗಿ, ಮುಗಿದ ಮೇಲೆ ಒಂದು ತೂತು ಸಡಿಲ. ಚರ್ಮಕ್ಕೂ ಒಳ್ಳೆಯದು.

ತೂತಿರುವ ಪಟ್ಟಿಯಲ್ಲಿ ಒಂದು ಕಿರಿಕಿರಿ ಇದೆ. ಒಂದು ತೂತಿನಲ್ಲಿ ಸಡಿಲ, ಮುಂದಿನದ್ದರಲ್ಲಿ ಬಿಗಿ. ಹಿಗ್ಗುವ ನೈಲಾನ್ ಪಟ್ಟಿ, ವೆಲ್ಕ್ರೋ ಪಟ್ಟಿಗಳಲ್ಲಿ ಈ ಗೋಳಿಲ್ಲ. ಸ್ಟೀಲ್ ಚೈನ್ ನೋಡಲು ಚೆಂದ, ವ್ಯಾಯಾಮಕ್ಕೆ ಬೇಡ. ದಪ್ಪ ಡಯಲಿನ ಭಾರದ ವಾಚು ಸಪೂರ ಕೈಯಲ್ಲಿ ಪ್ರತಿ ಹೆಜ್ಜೆಗೂ ಜೋಲಿ ಹೊಡೆಯುತ್ತದೆ. ಅಂಥವರಿಗೆ ಹಗುರ ಬ್ಯಾಂಡೇ ವಾಸಿ.

ಹಿಂಬದಿ ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸುವ ಅಭ್ಯಾಸ ಇಟ್ಟುಕೊಳ್ಳಿ. ಸನ್‌ಸ್ಕ್ರೀನ್, ಬೆವರು, ಎಣ್ಣೆ ಒಣಗಿ ಪದರ ಕಟ್ಟಿರುತ್ತದೆ. ವಾಚು ಜಾರುವುದಕ್ಕೂ ಅದೇ ಕಾರಣ ಆಗುತ್ತದೆ.

ಮೈ ಬಿಸಿ ಮಾಡಿಕೊಳ್ಳಿ

ಡಿಸೆಂಬರ್ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲೋ ಮಡಿಕೇರಿಯಲ್ಲೋ ಓಡಿದರೆ ಮೊದಲ ಹತ್ತು ನಿಮಿಷ ವಾಚು ಹುಚ್ಚುಚ್ಚಾಗಿ ಆಡಬಹುದು. ಚಳಿಗೆ ಕೈಯ ರಕ್ತನಾಳಗಳು ಮುದುಡುತ್ತವೆ. ನಾಡಿಯ ಅಲೆ ಸಣ್ಣದಾಗುತ್ತದೆ, ಹೆಜ್ಜೆಯ ಗದ್ದಲ ಮಾತ್ರ ಹಾಗೇ ಇರುತ್ತದೆ. ಹೆಜ್ಜೆಗೆ ಅಂಟಿಕೊಳ್ಳುವುದು ಓಟದ ಆರಂಭದಲ್ಲೇ ಹೆಚ್ಚು ಅನ್ನುವುದಕ್ಕೆ ಇದೊಂದು ಕಾರಣ. ಉದ್ದ ತೋಳಿನ ಅಂಗಿ ಹಾಕಿ, ಐದಾರು ನಿಮಿಷ ಚುರುಕಾಗಿ ನಡೆದು ಮೈ ಬಿಸಿಯಾದ ಮೇಲೆ ಓಡಿ.

ಇನ್ನೊಂದು ಉಪಾಯ. ವರ್ಕೌಟ್ ಶುರು ಒತ್ತಿ, ಕೈ ಅಲುಗಿಸದೆ ಅರ್ಧ ನಿಮಿಷ ನಿಲ್ಲಿ. ವಾಚಿಗೆ ಸರಿಯಾದ ನಾಡಿ ಒಂದು ಸಲ ಸಿಕ್ಕರೆ ಅಲ್ಲಿಂದ ಮುಂದಕ್ಕೆ ಹಿಂಬಾಲಿಸುವುದು ಅದಕ್ಕೆ ಸುಲಭ. ಮಧ್ಯದಲ್ಲಿ ಹೆಜ್ಜೆಗೆ ಅಂಟಿಕೊಂಡರೂ ಇದೇ ಮದ್ದು. ನಿಲ್ಲಿ, ವಾಚನ್ನು ಕೊಂಚ ಮೇಲೆ ಸರಿಸಿ ಒತ್ತಿ ಕೂರಿಸಿ, ನಂಬರು ಇಳಿದ ಮೇಲೆ ಮತ್ತೆ ಹೊರಡಿ.

ವರ್ಕೌಟ್ ಮೋಡ್ ಹಾಕದೇ ಓಡುವವರು ಎಷ್ಟೋ ಮಂದಿ. ಸುಮ್ನೆ ಇದ್ದಾಗ ಬ್ಯಾಟರಿ ಉಳಿಸಲು ಹಲವು ವಾಚುಗಳು ಆಗೊಮ್ಮೆ ಈಗೊಮ್ಮೆ ಮಾತ್ರ ನಾಡಿ ನೋಡುತ್ತವೆ. ಮೋಡ್ ಹಾಕಿದರೆ ಬಿಡದೆ ನೋಡುತ್ತವೆ.

ಯಾವ ಕೆಲಸದಲ್ಲಿ ಎಷ್ಟು ನಂಬಬಹುದು

ಸಮವೇಗದ ನಡಿಗೆ, ಓಟ ವಾಚಿಗೆ ಸುಲಭ. ಲಯ ಗೊತ್ತಿದ್ದರೆ ಕಳೆಯಬಹುದು. ಬ್ಯಾಡ್ಮಿಂಟನ್, ಕಬಡ್ಡಿ, ಬಾಕ್ಸಿಂಗ್‌ನಲ್ಲಿ ಕೈ ಯಾವ ಲಯಕ್ಕೂ ಸಿಗದೆ ಜಾಡಿಸುತ್ತದೆ. ಅಲ್ಲಿ ರ‍್ಯಾಕೆಟ್ ಹಿಡಿಯದ ಕೈಗೆ ಕಟ್ಟಿ, ಪಾಯಿಂಟ್ ಮಧ್ಯದ ಬಿಡುವಿನಲ್ಲಿ ಬರುವ ನಂಬರನ್ನಷ್ಟೇ ನೋಡಿ.

ಜಿಮ್‌ನಲ್ಲಿ ಡಂಬೆಲ್ ಹಿಡಿದಾಗ ಮುಂಗೈ ಸ್ನಾಯುಗಳು ಬಿಗಿದು ವಾಚನ್ನೇ ಮೇಲೆತ್ತುತ್ತವೆ, ನಾಳಗಳನ್ನೂ ಒತ್ತುತ್ತವೆ. ಒಂದು ಸೆಟ್ ಮುಗಿದು ಕೈ ಸಡಿಲ ಬಿಟ್ಟ ಮೇಲೆ ನೋಡಿ. ಸೈಕಲ್‌ನಲ್ಲಿ ಹ್ಯಾಂಡಲ್ ಹಿಡಿತ ಸಡಿಲ ಇದ್ದಷ್ಟೂ ಒಳ್ಳೆಯದು. ನಮ್ಮ ಗುಂಡಿ ರಸ್ತೆಗಳ ಕುಲುಕಾಟಕ್ಕೆ ವಾಚು ಕಟ್ಟಿದವರು ಮಾಡುವುದಕ್ಕೇನೂ ಇಲ್ಲ. ಸ್ಕೂಟರ್‌ನಲ್ಲಿ ಆಫೀಸಿಗೆ ಹೋಗಿ ಬಂದದ್ದನ್ನು ವಾಚು ವ್ಯಾಯಾಮ ಅಂತ ಬರೆದುಕೊಂಡಿದ್ದರೆ ಅಳಿಸಿಬಿಡಿ, ಇಲ್ಲಾಂದ್ರೆ ವಾರದ ಲೆಕ್ಕ ಕೆಡುತ್ತದೆ.

ಅಡುಗೆಮನೆಯನ್ನು ಕಂಪನಿಯವರು ಲೆಕ್ಕಕ್ಕೇ ತೆಗೆದುಕೊಂಡಂತಿಲ್ಲ. ಜೋಳದ ರೊಟ್ಟಿ ತಟ್ಟುವುದನ್ನು ನೋಡಿ. ಅಂಗೈ ಒಂದೇ ಲಯದಲ್ಲಿ ಪಟಪಟ ಬೀಳುತ್ತದೆ, ಪ್ರತಿ ತಟ್ಟಿಗೂ ಮಣಿಕಟ್ಟು ಮಡಚುತ್ತದೆ, ವಾಚು ಎದ್ದು ಕೂರುತ್ತದೆ. ಹೆಜ್ಜೆಗೆ ಅಂಟಿಕೊಳ್ಳಲು ಏನೇನು ಬೇಕೋ ಎಲ್ಲವೂ ಇಲ್ಲಿದೆ. ಒಲೆಯ ಮುಂದೆ ನಿಂತವರಿಗೆ ಹಾರ್ಟ್ ರೇಟ್ 140 ಅಂತ ಎಚ್ಚರಿಕೆ ಬಂದರೆ ಕೈ ನಿಲ್ಲಿಸಿ, ಒಂದು ನಿಮಿಷ ಬಿಟ್ಟು ನೋಡಿ. ಆಗಲೂ ಹಾಗೇ ಇದ್ದರೆ ಯೋಚಿಸಬೇಕು. ಹಿಟ್ಟು ನಾದುವಾಗ, ಬಟ್ಟೆ ಒಗೆಯುವಾಗ ವಾಚನ್ನು ಮುಂಗೈ ನಡುವಿಗೆ ಏರಿಸಿಕೊಳ್ಳಿ, ಅಥವಾ ಬಿಚ್ಚಿಡಿ.

ಸೆನ್ಸರ್ ಜಾಗ ಬದಲಿಸುವುದು

ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ದರೆ ಮಣಿಕಟ್ಟನ್ನು ಬಿಟ್ಟುಬಿಡಿ. ತೋಳಿಗೋ ಮುಂಗೈ ಮೇಲ್ಭಾಗಕ್ಕೋ ಕಟ್ಟುವ ಬ್ಯಾಂಡ್‌ಗಳು ಸಿಗುತ್ತವೆ. ವಿದ್ಯೆ ಅದೇ ಪಿಪಿಜಿ, ಜಾಗ ಮಾತ್ರ ಒಳ್ಳೆಯದು. ಅಲ್ಲಿ ಮಾಂಸ ಹೆಚ್ಚು, ಮೂಳೆ ದೂರ, ಅಲುಗಾಟ ಕಡಿಮೆ.

ಗಂಭೀರವಾಗಿ ತರಬೇತಿ ಮಾಡುವವರಿಗೆ ಎದೆಪಟ್ಟಿಯೇ ಸರಿ. ಇದು ಬೆಳಕು ನೋಡುವುದಿಲ್ಲ, ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಫಿನ್‌ಲೆಂಡಿನ ಪೋಲಾರ್ ಕಂಪನಿ 1982ರಲ್ಲೇ ವೈರ್ ಇಲ್ಲದ ಇಂಥ ಸಾಧನವನ್ನು ಓಟಗಾರರಿಗೆ ಮಾರಿತ್ತು. ಇದಕ್ಕೂ ತನ್ನದೇ ಕಾಟಗಳಿವೆ. ಒಣ ಚರ್ಮದ ಮೇಲೆ ಒಣ ಪಟ್ಟಿ ಕಟ್ಟಿದರೆ ಸಂಕೇತ ಸರಿಯಾಗಿ ಸಿಗುವುದಿಲ್ಲ, ಬೆವರು ಬರುವವರೆಗೆ ನಂಬರು ಕುಣಿಯುತ್ತದೆ. ಎಲೆಕ್ಟ್ರೋಡ್ ಇರುವ ಒಳಭಾಗವನ್ನು ನೀರಿನಲ್ಲಿ ಒದ್ದೆ ಮಾಡಿ ಕಟ್ಟಿ. ಒಣ ಹವೆಯಲ್ಲಿ ಸಿಂಥೆಟಿಕ್ ಟೀ ಶರ್ಟ್ ಪಟಪಟ ಬಡಿದು ಹುಟ್ಟುವ ಸ್ಥಿರ ವಿದ್ಯುತ್ತೂ ಗೊಂದಲ ಮಾಡುತ್ತದೆ. ಮೈಗೆ ಅಂಟುವ ಬಟ್ಟೆ ಹಾಕಿದರೆ ಅದು ಕಡಿಮೆ. ಬಳಸಿದ ಮೇಲೆ ಪಟ್ಟಿಯನ್ನು ತೊಳೆದು, ಯಂತ್ರವನ್ನು ಕಳಚಿ ಒಣಗಿಸಿ. ಉಪ್ಪು ಕಟ್ಟಿದ ಪಟ್ಟಿ ಬೇಗ ಹಾಳಾಗುತ್ತದೆ, ಆಮೇಲೆ ಹೊಸ ಬ್ಯಾಟರಿ ಹಾಕಿದರೂ ಉಪಯೋಗವಿಲ್ಲ.

ಡಾಕ್ಟರಿಗೆ ತೋರಿಸುವ ಓದುಗಳು

ಇಲ್ಲಿ ಉಪಾಯ ಬೇರೆ. ಚಲನೆಯನ್ನು ಕಳೆಯುವುದಲ್ಲ, ಚಲನೆಯನ್ನೇ ನಿಲ್ಲಿಸುವುದು.

ವಾಚಿನಲ್ಲಿ 30 ಸೆಕೆಂಡಿನ ಇಸಿಜಿ ತೆಗೆಯುವಾಗ ಎರಡೂ ಮುಂಗೈಗಳನ್ನು ಮೇಜಿನ ಮೇಲೆ ಅಥವಾ ತೊಡೆಯ ಮೇಲೆ ಊರಿ. ಗಾಳಿಯಲ್ಲಿ ಎತ್ತಿ ಹಿಡಿದ ಕೈಯ ಸ್ನಾಯು ಸಣ್ಣಗೆ ನಡುಗುತ್ತಲೇ ಇರುತ್ತದೆ. ಸ್ನಾಯುವಿಗೂ ವಿದ್ಯುತ್ ಇದೆ, ಅದು ಗೆರೆಯ ಮೇಲೆ ಗರಗಸದ ಹಲ್ಲಿನಂತೆ ಕಾಣುತ್ತದೆ. ಬೆರಳನ್ನು ಬಟನ್ ಮೇಲೆ ಹಗುರವಾಗಿ ಇಡಿ, ಒತ್ತಬೇಡಿ.

ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಹೊತ್ತಿನಲ್ಲಿ ಮನೆಮನೆಗೆ ಬಂತು. ಜಪಾನಿನ ತಕುವೋ ಅವೊಯಾಗಿ 1970ರ ದಶಕದಲ್ಲಿ ಕಂಡುಕೊಂಡ ತತ್ವ ಅದು. ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕಿನ ಏರಿಳಿತವನ್ನು ಹೋಲಿಸಿ ಆಮ್ಲಜನಕ ಲೆಕ್ಕ ಹಾಕುತ್ತದೆ. ಅಪಧಮನಿಯ ರಕ್ತ ಮಾತ್ರ ಮಿಡಿಯುತ್ತದೆ ಅನ್ನುವುದೇ ಅದರ ನಂಬಿಕೆ. ಬೆರಳು ಅಲುಗಿದರೆ ಅಭಿಧಮನಿಯ ರಕ್ತವೂ ತುಳುಕುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ನಂಬರು ಸುಳ್ಳೇ ಇಳಿಯುತ್ತದೆ. ಉಗುರುಬಣ್ಣ ಅಳಿಸಿ, ತಣ್ಣಗಿನ ಬೆರಳನ್ನು ಉಜ್ಜಿ ಬಿಸಿ ಮಾಡಿ, ಕೈಯನ್ನು ಮೇಜಿನ ಮೇಲಿಟ್ಟು ಕಾಯಿರಿ. ನಂಬರಿಗಿಂತ ಮೊದಲು ಪಕ್ಕದ ಅಲೆಯನ್ನು ನೋಡಿ. ಅಲೆ ಒಂದೇ ಸಮ ಬಂದ ಮೇಲಿನ ಓದನ್ನೇ ಬರೆದಿಡಿ.

ಬಿಪಿ ಯಂತ್ರವೂ ಇದೇ ಜಾತಿಯದ್ದು. ತೋಳಿನ ಪಟ್ಟಿಯ ಗಾಳಿಯಲ್ಲಿ ಏಳುವ ಸಣ್ಣ ಮಿಡಿತಗಳನ್ನು ಅದು ಓದುತ್ತದೆ. ತೋಳು ಅಲುಗಿದರೆ ಸುಳ್ಳು ಮಿಡಿತ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳು ಎದೆಮಟ್ಟದಲ್ಲಿಟ್ಟು ನೋಡಿ. ಆಗ ಮಾತು ಬೇಡ. ‘ಎಷ್ಟಿದೆ, ಎಷ್ಟಿದೆ’ ಅಂತ ಪಕ್ಕದವರು ಕೇಳಿದರೂ ಉತ್ತರ ಕೊಡಬೇಡಿ. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ತೆಗೆಯಿರಿ.

ಹೋಲ್ಟರ್ ಅಂದರೆ ದಿನವಿಡೀ ಮೈಮೇಲಿದ್ದು ಇಸಿಜಿ ಬರೆದುಕೊಳ್ಳುವ ಪುಟ್ಟ ಯಂತ್ರ. ಅದನ್ನು ಹಾಕಿಸಿಕೊಳ್ಳುವವರು ಅಂದು ಎದೆಗೆ ಎಣ್ಣೆ, ಪೌಡರ್, ಲೋಷನ್ ಹಚ್ಚಬೇಡಿ. ಸಡಿಲವಾದ ಹತ್ತಿ ಅಂಗಿ ಇರಲಿ. ವೈರ್‌ಗಳು ಜೋತಾಡಿದರೆ ಪ್ರತಿ ಎಳೆತಕ್ಕೂ ಗೆರೆ ಕುಣಿಯುತ್ತದೆ, ಒಂದು ಸುತ್ತು ಮಾಡಿ ಟೇಪ್ ಅಂಟಿಸಿಕೊಡಲು ಟೆಕ್ನಿಷಿಯನ್‌ಗೆ ಹೇಳಿ. ಮೆಟ್ಟಿಲು ಹತ್ತಿದ್ದು, ಬಸ್ಸಿಗೆ ಓಡಿದ್ದು, ಎದೆ ಡವಗುಟ್ಟಿದ್ದು ಎಲ್ಲವನ್ನೂ ಸಮಯ ಸಮೇತ ಬರೆದಿಡಿ. ಯಾವ ಕುಣಿತ ಎದೆಯದ್ದು, ಯಾವುದು ಓಡಾಟದ್ದು ಅಂತ ಬೇರೆ ಮಾಡಲು ಡಾಕ್ಟರಿಗೆ ಆ ಚೀಟಿ ಬೇಕಾಗುತ್ತದೆ.

ಸ್ವಂತ ಸೆನ್ಸರ್ ಕಟ್ಟುವ ವಿದ್ಯಾರ್ಥಿಗಳಿಗೆ

ಎಂಜಿನಿಯರಿಂಗ್ ಕೊನೆ ವರ್ಷದಲ್ಲಿ ಹಾರ್ಟ್ ರೇಟ್ ಬ್ಯಾಂಡ್ ಮಾಡುವವರು ಬಹಳ. ಹೆಚ್ಚಿನವರ ಕೈಗೆ ಸಿಗುವುದು ಮ್ಯಾಕ್ಸ್ 30102 ಅನ್ನೋ ಪಿಪಿಜಿ ಸೆನ್ಸರ್ ಮಾಡ್ಯೂಲ್. ಬೆರಳ ತುದಿಯಲ್ಲಿ ಚೆಂದ ಕೆಲಸ ಮಾಡುತ್ತದೆ, ಮಣಿಕಟ್ಟಿಗೆ ಕಟ್ಟಿದ ಕೂಡಲೇ ಕೈಕೊಡುತ್ತದೆ. ಅದರಲ್ಲಿರುವುದು ಕೆಂಪು ಮತ್ತು ಇನ್‌ಫ್ರಾರೆಡ್ ಮಾತ್ರ. ಇವು ಆಳಕ್ಕಿಳಿಯುತ್ತವೆ, ಆಳದ ಅಲುಗಾಟವನ್ನೆಲ್ಲ ಹೊತ್ತು ತರುತ್ತವೆ. ಹಸಿರು ಮೇಲ್ಪದರದಲ್ಲೇ ಉಳಿಯುತ್ತದೆ. ಮಣಿಕಟ್ಟಿಗಾದರೆ ಹಸಿರೂ ಇರುವ ಮ್ಯಾಕ್ಸ್ 30101ರಂಥದ್ದು ತೆಗೆದುಕೊಳ್ಳಿ.

ಕೋಡ್ ಬರೆಯುವ ಮೊದಲು ಮಾಡ್ಯೂಲ್ ಸುತ್ತ ಕಪ್ಪು ಫೋಮ್ ಅಂಟಿಸಿ ಹೊರ ಬೆಳಕು ತಡೆಯಿರಿ. ವೆಲ್ಕ್ರೋ ಪಟ್ಟಿಯಲ್ಲಿ ಗಟ್ಟಿಯಾಗಿ ಕೂರಿಸಿ. ಓದು 262143ಕ್ಕೆ ಹೋಗಿ ಅಂಟಿಕೊಂಡರೆ 18 ಬಿಟ್‌ನ ಮಿತಿ ಮುಟ್ಟಿದೆ ಅಂತ ಅರ್ಥ, ಎಲ್‌ಇಡಿ ಕರೆಂಟ್ ಇಳಿಸಿ. ಅಕ್ಸೆಲೆರೋಮೀಟರ್‌ಗೆ ಎಂಪಿಯು 6050 ಚಿಪ್ ಸಾಕು. ಆದರೆ ಅದು ಪಿಪಿಜಿ ಸೆನ್ಸರ್ ಇರುವ ಅದೇ ಗಟ್ಟಿ ಬೋರ್ಡ್ ಮೇಲೇ ಇರಬೇಕು. ವೈರಿನ ತುದಿಯಲ್ಲಿ ನೇತಾಡುವ ಅಕ್ಸೆಲೆರೋಮೀಟರ್ ತನ್ನ ಅಲುಗಾಟ ಹೇಳುತ್ತದೆಯೇ ಹೊರತು ಸೆನ್ಸರಿನದ್ದಲ್ಲ. ಎರಡರ ಗಡಿಯಾರಗಳೂ ಬೇರೆ ಬೇರೆ, ಹಾಗಾಗಿ ಪ್ರತಿ ಓದಿಗೂ ಸಮಯದ ಮುದ್ರೆ ಹಾಕಿ ಆಮೇಲೆ ಹೊಂದಿಸಿ.

0.5ರಿಂದ 4 ಹರ್ಟ್ಸ್ ನಡುವಿನ ಲಯಗಳನ್ನಷ್ಟೇ ಬಿಡುವ ಬ್ಯಾಂಡ್‌ಪಾಸ್ ಫಿಲ್ಟರ್ ಹಾಕಿ, ಎರಡರ ಸ್ಪೆಕ್ಟ್ರಮ್‌ಗಳನ್ನು, ಅಂದರೆ ಯಾವ ಲಯ ಎಷ್ಟು ಜೋರು ಅಂತ ತೋರಿಸುವ ಗ್ರಾಫ್‌ಗಳನ್ನು, ಒಂದರ ಕೆಳಗೊಂದು ಬರೆಯಿರಿ. ಅಕ್ಸೆಲೆರೋಮೀಟರ್‌ನಲ್ಲೂ ಇರುವ ಶಿಖರ ಚಲನೆಯದ್ದು, ಪಿಪಿಜಿಯಲ್ಲಿ ಮಾತ್ರ ಇರುವುದು ನಾಡಿಯದ್ದಿರಬಹುದು. ಇಷ್ಟು ಕಣ್ಣಿಗೆ ಕಂಡ ಮೇಲೆ, ಚಲನೆಯ ಓದಿಗೆ ತಕ್ಕಂತೆ ತನ್ನನ್ನೇ ತಿದ್ದಿಕೊಳ್ಳುವ ಎನ್‌ಎಲ್‌ಎಂಎಸ್‌ನಂಥ ಅಡಾಪ್ಟಿವ್ ಫಿಲ್ಟರ್‌ಗೆ ಕೈ ಹಾಕಿ. ಇದರ ಮೂಲ ಎಲ್‌ಎಂಎಸ್ 1960ರಲ್ಲಿ ವಿಡ್ರೋ ಮತ್ತು ಹಾಫ್ ಕೊಟ್ಟದ್ದು, ಇವತ್ತಿಗೂ ಸಣ್ಣ ಚಿಪ್‌ನಲ್ಲಿ ಓಡುತ್ತದೆ. ಹೆಜ್ಜೆ ಮತ್ತು ಎದೆಬಡಿತ ಒಂದೇ ಲಯಕ್ಕೆ ಬಂದಾಗ ಇದು ಗದ್ದಲದ ಜೊತೆ ನಾಡಿಯನ್ನೂ ಕಳೆದುಬಿಡುತ್ತದೆ. ಅಲ್ಲಿ ಹಿಂದಿನ ಓದನ್ನು ನೆನಪಿಟ್ಟು ಹಿಂಬಾಲಿಸುವ ಕೋಡ್ ಬೇಕು. ಅಂಥ ಕೋಡ್ ಶುರುವಿನಲ್ಲೇ ತಪ್ಪು ಶಿಖರ ಹಿಡಿದರೆ ಕೊನೆಯವರೆಗೂ ತಪ್ಪೇ, ಆದ್ದರಿಂದ ಮೊದಲ ಅರ್ಧ ನಿಮಿಷ ವಿಶ್ರಾಂತಿಯ ಓದು ಕಡ್ಡಾಯ ಮಾಡಿ.

ಒಂದು ಸಲಕ್ಕೆ 8 ಸೆಕೆಂಡಿನ ದಾಖಲೆ (ವಿಂಡೋ) ತೆಗೆದುಕೊಂಡರೆ ಸ್ಪೆಕ್ಟ್ರಮ್‌ನ ಒಂದೊಂದು ಮೆಟ್ಟಿಲು ನಿಮಿಷಕ್ಕೆ 7.5 ಬಡಿತ. ಅಷ್ಟು ಹತ್ತಿರದ ಎರಡು ಲಯಗಳನ್ನು ಅದು ಬೇರೆ ಮಾಡಿ ತೋರಿಸದು. ದಾಖಲೆಯ ಕೊನೆಗೆ ಸೊನ್ನೆ ತುಂಬಿ ಗೆರೆಯನ್ನು ನುಣುಪು ಮಾಡಿದರೂ ಈ ಮಿತಿ ಹೋಗುವುದಿಲ್ಲ.

ಪರೀಕ್ಷೆಗೆ 2015ರ ಐಇಇಇ ಸಿಗ್ನಲ್ ಪ್ರೊಸೆಸಿಂಗ್ ಕಪ್ ಸ್ಪರ್ಧೆಯ ದಾಖಲೆಗಳಿವೆ, ಟ್ರೆಡ್‌ಮಿಲ್ ಮೇಲೆ ಓಡಿದವರದ್ದು. ಅದೇ ವರ್ಷ ಪ್ರಕಟವಾದ ಟ್ರೋಯಿಕಾ ವಿಧಾನ ಅಂಥ 12 ಮಂದಿಯ ದಾಖಲೆಯಲ್ಲಿ ಸರಾಸರಿ 2.34 ಬಡಿತದಷ್ಟೇ ತಪ್ಪಿತ್ತು. ಅದನ್ನು ನೋಡಿ ಸಮಸ್ಯೆ ಮುಗಿಯಿತು ಅಂದುಕೊಳ್ಳಬೇಡಿ. ಟ್ರೆಡ್‌ಮಿಲ್ ಲಯ ಶಿಸ್ತಿನದ್ದು. 15 ಮಂದಿಯ ದಿನನಿತ್ಯದ ಚಟುವಟಿಕೆ ಇರುವ ಪಿಪಿಜಿ-ಡಾಲಿಯಾ ದಾಖಲೆ ಸಂಗ್ರಹ 2019ರಲ್ಲಿ ಬಂದಾಗ ಹಳೆಯ ವಿಧಾನಗಳು ಅದರಲ್ಲಿ ತುಂಬಾ ಹೆಚ್ಚು ತಪ್ಪಿದವು. ನಿಮ್ಮ ಕೋಡ್‌ಗೆ ಎರಡೂ ತಿನ್ನಿಸಿ. ಸಂಕೇತ ಕೆಟ್ಟಿದ್ದರೆ ನಂಬರು ಬಿಟ್ಟು ಎರಡು ಅಡ್ಡಗೆರೆ ತೋರಿಸುವ ಧೈರ್ಯವನ್ನೂ ಕೊಡಿ. ನಿಮ್ಮ ಬ್ಯಾಂಡನ್ನು ಎದೆಪಟ್ಟಿಯ ಜೊತೆ ಒಟ್ಟಿಗೆ ಕಟ್ಟಿ ಓಡಿಸಿ, ರಿಪೋರ್ಟ್‌ನಲ್ಲಿ ಒಂದೇ ಸರಾಸರಿ ಕೊಡದೆ ಕೂತಾಗ, ನಡೆದಾಗ, ಓಡಿದಾಗ, ಮೆಟ್ಟಿಲು ಹತ್ತಿದಾಗ ಎಷ್ಟೆಷ್ಟು ತಪ್ಪಿತು ಅಂತ ಬೇರೆ ಬೇರೆ ಬರೆಯಿರಿ. ಗೈಡ್ ಮೊದಲು ಕೇಳುವುದು ಅದನ್ನೇ.